ಉಗುರುಬಣ್ಣದ ಗೆರೆ

ಗೆರೆ ಕೂಡುತ್ತಿಲ್ಲ, ಬೆಳಕು ಓರೆಯಾಗಿ ಬೀಳುತ್ತಿದೆಯಲ್ಲ ಅದಕ್ಕೇ ಇರಬೇಕು, ಕನ್ನಡಿಯನ್ನು ಇನ್ನೊಂಚೂರು ತಿರುಗಿಸಿದರೆ ಕೂಡೀತು — ಇಲ್ಲ, ಈಗಲೂ ಇಲ್ಲ, ಚಕ್ರದ ಅಚ್ಚಿನ ತುದಿಯ ಮೇಲಿನ ಕೆಂಪು ಒಂದು ಕಡೆ, ನಟ್ಟಿನ ಮೇಲಿನ ಕೆಂಪು ಇನ್ನೊಂದು ಕಡೆ, ನಡುವೆ ಅಕ್ಕಿಕಾಳು ಹಿಡಿಸುವಷ್ಟು ಬರಿಯ ಕಬ್ಬಿಣ. ಮೊನ್ನೆ ಮಧ್ಯಾಹ್ನ ನಾನೇ ಎಳೆದದ್ದು, ಉಸಿರು ಹಿಡಿದು, ಒಂದೇ ಎಳೆತಕ್ಕೆ, ಅಚ್ಚಿನಿಂದ ನಟ್ಟಿಗೆ, ನಟ್ಟಿನಿಂದ ಚೌಕಟ್ಟಿಗೆ, ಅಕ್ಕನ ಮದುವೆಯಲ್ಲಿ ಮಿಕ್ಕಿದ ಉಗುರುಬಣ್ಣದಿಂದ ಶುರುವಾದ ಕೆಲಸ ಇದು, ಆಮೇಲೆ ಎಷ್ಟು ಬಾಟಲಿ ಖಾಲಿಯಾದವೋ, ಅಂಗಡಿಯವಳು ನನ್ನ ಗ್ರೀಸ್ ಹಿಡಿದ ಉಗುರು ನೋಡಿ ಯಾರಿಗಮ್ಮಾ ಬಣ್ಣ ಅನ್ನುತ್ತಾಳೆ, ಮೋಟರ್‌ಸೈಕಲ್ಲಿಗೆ ಅಂತ ನಾನು ಹೇಳುವುದಿಲ್ಲ, ನಕ್ಕು ಸುಮ್ಮನಾಗುತ್ತೇನೆ. ಅಪ್ಪ ನಟ್ ಬಿಗಿಯುತ್ತಾನೆ, ಸ್ಪ್ಯಾನರ್ ತೆಗೆದು ಎಳಿ ಅನ್ನುತ್ತಾನೆ, ನಾನು ಎಳೆಯುತ್ತೇನೆ, ಅಷ್ಟೇ, ಒಂಬತ್ತು ವರ್ಷದಿಂದ ಅಷ್ಟೇ. ಗೆರೆ ಒಂದಾಗಿದ್ದರೆ ನಟ್ ಅಲ್ಲಾಡಿಲ್ಲ, ಗೆರೆ ಮುರಿದರೆ ಯಾರೋ ತಿರುಗಿಸಿದ್ದಾರೆ ಇಲ್ಲವೇ ಓಡಿ ಓಡಿ ತಾನೇ ತಿರುಗಿದೆ. ತಾನೇ ಹೇಗೆ ತಿರುಗೀತು, ಇದು ಡ್ರಿಲ್ ಟೀಚರಮ್ಮನ ಗಾಡಿ, ಮೊನ್ನೆ ನಿಲ್ಲಿಸಿದಲ್ಲಿಂದ ಒಂದು ಗೇಣೂ ಅಲ್ಲಾಡಿಲ್ಲ, ಟೈರಿನ ಕೆಳಗಿನ ಧೂಳು ಕೂಡ ಹಾಗೇ ಇದೆ. ಹಾಗಾದರೆ ಯಾರೋ. ನಾಳೆ ಬೆಳಿಗ್ಗೆ ನಾಲ್ಕು ಗಾಡಿ ಈ ಅಂಗಳದಿಂದ ಹೊರಡುತ್ತವೆ, ಎರಡು ಸಾವಿರದ ನಾನೂರು ಕಿಲೋಮೀಟರ್, ಒಂಬತ್ತು ದಿನ, ಕಾಲಿಲ್ಲದ ಮಕ್ಕಳಿಗೆ ಕಾಲು ಮಾಡಿಸಿಕೊಡಲು ದುಡ್ಡು ಕೂಡಿಸುವುದಕ್ಕೆ, ಅದರಲ್ಲೊಂದು ಗಾಡಿಯ ಹಿಂದಿನ ಚಕ್ರವನ್ನು ಹಿಡಿದುಕೊಂಡಿರುವ ನಟ್ಟನ್ನು ಯಾರೋ ಮುಟ್ಟಿದ್ದಾರೆ, ಇದಕ್ಕೆ ಕಳಚದಂತೆ ತಡೆಯುವ ಅಡ್ಡಪಿನ್ನೂ ಇಲ್ಲ, ಬಿಗಿಯೇ ಕಾವಲು. ಕನ್ನಡಿಯಲ್ಲಿ ನಟ್ಟಿನ ಕೆಂಪು ಎಡಕ್ಕೆ ಸರಿದಿದೆ. ಬಲಕ್ಕೆ ಹೋದರೆ ಬಿಗಿ, ಎಡಕ್ಕೆ ಹೋದರೆ ಸಡಿಲ. ಎಡಕ್ಕೇ ಹೋಗಿದೆ.

ಭಾವ. ಭಾವನೇ ಇರಬೇಕು. ನಿನ್ನೆ ಸಂಜೆ, ಇನ್ನೂ ಚೆನ್ನಾಗಿ ಬೆಳಕಿತ್ತು, ಸೀಟು ಹೊಲಿಯುವ ದಬ್ಬಳ ಮರೆತಿದ್ದೆನೆಂದು ವಾಪಸ್ ಬಂದಾಗ ಇದೇ ಗಾಡಿಯ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದ, ಉದ್ದ ಕತ್ತಿನ ಟಕ್ ಸ್ಪ್ಯಾನರ್ ಹಿಡಿದು, ನನ್ನ ಚಪ್ಪಲಿ ಸದ್ದಿಗೆ ಎದ್ದುಬಿಟ್ಟ, ಅಕ್ಕ ಒಗೆದ ಪ್ಯಾಂಟಿಗೇ ಕೈ ಒರೆಸಿಕೊಂಡ. ನಾನೇನೂ ಕೇಳಲಿಲ್ಲ, ಕೇಳದೇ ಇದ್ದರೂ ಉತ್ತರ ಕೊಟ್ಟ, ಚೈನ್ ನೋಡ್ತಿದ್ದೆ ಅಂದ. ಚೈನ್ ಇರುವುದು ಆ ಕಡೆ, ಅವನು ಕೂತಿದ್ದು ಈ ಕಡೆ. ಇಷ್ಟು ವರ್ಷ ಗಾಡಿ ಓಡಿಸಿದವನಿಗೆ ಚೈನ್ ಯಾವ ಕಡೆ ಇರುತ್ತದೆಂದು ಗೊತ್ತಿಲ್ಲವೇ, ಮಾತಾಡದವರಿಗೆ ಗೊತ್ತಾಗುವುದೂ ಇಲ್ಲವೆಂದುಕೊಂಡನೇ. ಆ ಟಕ್ ಸ್ಪ್ಯಾನರ್ ಅವನು ಎಲ್ಲಿಂದಲೋ ತರಿಸಿಕೊಂಡದ್ದು, ಎಷ್ಟು ಬಿಗಿ ಬೇಕೋ ಅಷ್ಟಕ್ಕೆ ಹೊಂದಿಸಿಟ್ಟರೆ ಅಷ್ಟಾದ ಕೂಡಲೇ ಟಕ್ ಅನ್ನುತ್ತದೆ, ಅಪ್ಪನಿಗೆ ಅದನ್ನು ಕಂಡರೆ ಆಗದು, ಕೈಗೆ ಗೊತ್ತಾಗದೇ ಇದ್ದೋನಿಗೆ ಕಿವೀಲಿ ಹೇಳೋ ಸ್ಪ್ಯಾನರ್ ಅಂತ ನಾಲ್ಕು ಜನರ ಮುಂದೆ ಆಡಿಕೊಂಡು ನಕ್ಕಿದ್ದ, ಭಾವನೂ ನಕ್ಕಿದ್ದ, ಆದರೆ ಕೆನ್ನೆ ಮಾತ್ರ ನಗುತ್ತಿತ್ತು. ಭಾನುವಾರ ಬೆಂಚಿನ ಮೇಲೆ ನಕ್ಷೆ ಹರಡಿ, ಹಾರದಂತೆ ಮೂಲೆಗೊಂದು ಹಳೆ ಪಿಸ್ಟನ್ ಇಟ್ಟು ಸವಾರಿ ಹೊರಡುವ ನಾಲ್ವರೂ ಕೂತಿದ್ದಾಗ ಭಾವ ಗಂಟಲು ಸರಿಮಾಡಿಕೊಂಡ, ಮಾವ, ಈ ಸಲ ನೀವು ಸಾಮಾನಿನ ವ್ಯಾನಲ್ಲಿ ಬಂದ್ರೆ ಹೇಗೆ, ದಾರೀಲಿ ಗಾಡಿ ಕೆಟ್ರೆ ನೋಡೋರು ಬೇಕಲ್ಲ. ಅಪ್ಪ ನಕ್ಷೆಯಿಂದ ತಲೆ ಎತ್ತಲಿಲ್ಲ, ವ್ಯಾನಲ್ಲಿ ಆಲೂಗಡ್ಡೆ ಹೋಗ್ತದೆ ಕಣೋ, ನಾನಲ್ಲ. ಟೀಚರಮ್ಮ ಗೊಳ್ಳೆಂದು ನಕ್ಕರು, ಹಲ್ಲಿನ ಡಾಕ್ಟರು ನಗಲಿಲ್ಲ, ಆಮೇಲೆ ಭಾವ ಅಂದ, ಸರಿ, ಮುಂದಿನ ಗಾಡಿ ನಾನು ಓಡಿಸ್ಲಾ, ಅಪ್ಪ ಅಂದ, ನಾನು ಸತ್ಮೇಲೆ ಓಡಿಸು. ಯಾವ ಸವಾರಿಯಲ್ಲೂ ಮುಂದಿನ ಗಾಡಿ ಅಪ್ಪನದೇ, ಹಿಂದಿನದು ಭಾವನದು, ವರ್ಷಗಟ್ಟಲೆ ಅಪ್ಪನ ಹೊಗೆ ಕುಡಿದುಕೊಂಡು ಬಂದವನು. ಟೀಚರಮ್ಮನ ಚಕ್ರ ಸಡಿಲವಾದರೆ ಕೆಟ್ಟ ಹೆಸರು ಯಾರಿಗೆ, ಬಿಗಿದವನಿಗೆ, ಬಿಗಿದವನು ಅಪ್ಪ, ಆಮೇಲೆ ವ್ಯಾನಿಗೆ ಹತ್ತಿಸುವುದು ಎಷ್ಟು ಹೊತ್ತಿನ ಕೆಲಸ — ಅಯ್ಯೋ, ಅಕ್ಕನ ಗಂಡ, ನನಗೆ ಗಾಡಿ ಕಲಿಸಿದವನು, ಬಿದ್ದಾಗ ಮಂಡಿಗೆ ಔಷಧ ಹಚ್ಚಿದವನು, ಏನೇನು ಯೋಚನೆ ಮಾಡುತ್ತಿದ್ದೇನೆ.

ಬೂಟು. ನಾನು ನೆಲಕ್ಕೆ ಕೆನ್ನೆ ತಾಗಿಸಿ ಮಲಗಿದ್ದೇನೆ, ಕಣ್ಣೆದುರಿಗೆ ಭಾವನ ಬೂಟು ಬಂದು ನಿಂತಿದೆ, ಎಡಬೂಟಿನ ಮೂತಿಯಲ್ಲಿ ಗೇರ್ ತಾಗಿ ತಾಗಿ ಸವೆದ ಗುರುತು. ಏನ್ ನೋಡ್ತಿದ್ದೀಯ. ಗೆರೆ, ಅಂದೆ. ಸರಿ ಇಲ್ವಾ. ನಾನು ಕನ್ನಡಿಯನ್ನು ಲಂಗಕ್ಕೆ ಒರೆಸಿದೆ, ಬೂಟು ಒಂದು ಹೆಜ್ಜೆ ಹತ್ತಿರ ಬಂತು, ದನಿ ತಗ್ಗಿತು, ನೋಡು, ಸರಿ ಕಾಣ್ದೇ ಇದ್ರೆ ಸುಮ್ನೆ ಒರೆಸಿ ಹೊಸದು ಎಳೆದುಬಿಡು, ಮಾವಂಗೆ ಹೇಳಕ್ಕೆ ಹೋಗ್ಬೇಡ, ಗೊತ್ತಾಯ್ತಾ. ಗೊತ್ತಾಯಿತು. ಬೂಟು ನಲ್ಲಿಯ ಕಡೆ ಹೋಯಿತು. ಮಾಡದಿದ್ದವನು ಹೀಗೆ ಹೇಳುತ್ತಾನೆಯೇ.

ಪಕ್ಕದ ಗಾಡಿ ಡಾಕ್ಟರದು. ತೆವಳಿಕೊಂಡು ಹೋಗಿ ಕನ್ನಡಿ ಇಟ್ಟೆ, ಈ ಕನ್ನಡಿ ಅವರೇ ಕೊಟ್ಟದ್ದು, ಬಾಯೊಳಗೆ ಇಟ್ಟು ದವಡೆ ಹಲ್ಲು ನೋಡುವ ಪುಟಾಣಿ ಗುಂಡು ಕನ್ನಡಿ, ಬ್ಯಾಗು ಹೊರುವ ಕಬ್ಬಿಣದ ಚೌಕ ಕೂರಿಸಿದ ಮೇಲೆ ನಟ್ ನೇರ ಕಣ್ಣಿಗೆ ಕಾಣುವುದಿಲ್ಲವೆಂದು ನಾಲ್ಕು ದಿನದ ಹಿಂದೆ ತಂದುಕೊಟ್ಟು, ತಗೋ ಮರಿ, ಚಕ್ರಕ್ಕೆ ಹುಳುಕು ಹಿಡಿದಿದ್ಯಾ ನೋಡು ಅಂದಿದ್ದರು. ಹುಳುಕು ಹಿಡಿದಿದೆ. ಇದೂ ಎಡಕ್ಕೆ, ಇದೂ ಅಷ್ಟೇ ಅಂತರ. ಎರಡು. ಭಾವನ ಗಾಡಿಯದನ್ನು ನೋಡುವ ಅಗತ್ಯವಿಲ್ಲ, ಆದರೂ ನೋಡಬೇಕು, ನೋಡಿದೆ — ಎಡಕ್ಕೆ. ತನ್ನ ಗಾಡಿಯದನ್ನು ತಾನೇ ಸಡಿಲ ಮಾಡಿಕೊಳ್ಳುವವನು ಯಾರು, ತನ್ನ ಮೇಲೆ ಅನುಮಾನ ಬಾರದಿರಲೆಂದು ಮಾಡಿಕೊಂಡಿರಬಹುದೇ, ಅಷ್ಟು ತಲೆ ಭಾವನಿಗಿಲ್ಲ, ಅಕ್ಕನಿಗೆ ಸುಳ್ಳು ಹೇಳುವಾಗಲೇ ಕಿವಿ ಕೆಂಪಾಗುತ್ತದೆ. ಹಾಗಾದರೆ ಡಾಕ್ಟರೇ, ಅವರೂ ಏನೋ ಬಚ್ಚಿಡುತ್ತಿದ್ದಾರೆ, ಹೋದ ವಾರ ಟೀ ತೆಗೆದುಕೊಂಡು ಹೋದಾಗ ಕದದ ಸಂದಿಯಿಂದ ನೋಡಿದ್ದೆ, ಅಪ್ಪನ ಬಲಗೈ ಡಾಕ್ಟರ ತೊಡೆಯ ಮೇಲೆ, ಡಾಕ್ಟರು ಪೆನ್ನಿನ ಮೊನೆಯಿಂದ ಒಂದೊಂದೇ ಬೆರಳು ಒತ್ತುತ್ತಿದ್ದಾರೆ, ಅಪ್ಪ ಗೋಡೆ ನೋಡುತ್ತಿದ್ದಾನೆ, ಇದು, ಊಹೂಂ, ಇದು, ಊಹೂಂ. ನಾನು ಒಳಗೆ ಬಂದ ಕೂಡಲೇ ಅಪ್ಪ ಕೈ ಎಳೆದು ಜೇಬಿಗೆ ಹಾಕಿಕೊಂಡ, ಡಾಕ್ಟರು, ನಿಮ್ಮಪ್ಪನ ಆಯುಸ್ಸಿನ ಗೆರೆ ನೋಡ್ತಿದ್ದೆ ಮರಿ, ಭಾರಿ ಉದ್ದ ಇದೆ ಅಂದರು, ಹಲ್ಲಿನ ಡಾಕ್ಟರಿಗೆ ಕೈಯಲ್ಲಿ ಏನು ಕೆಲಸ. ನಾನು ನನ್ನ ಮದುವೆಯ ಮಾತೆಂದುಕೊಂಡೆ, ಇವರೆಲ್ಲ ನಾನು ಬಂದ ಕೂಡಲೇ ಬಾಯಿ ಮುಚ್ಚಿಕೊಳ್ಳುವುದು ಅದಕ್ಕೇ, ಡಾಕ್ಟರ ತಂಗಿಯ ಮಗನೊಬ್ಬನಿದ್ದಾನೆ, ಬಟ್ಟೆ ಅಂಗಡಿ, ಅವನಿಗೂ ಮಾತು ಕಡಿಮೆಯಂತೆ, ಇಬ್ಬರು ಮಾತಾಡದವರನ್ನು ಕಟ್ಟಿಹಾಕಿದರೆ ಮನೆ ತಣ್ಣಗಿರುತ್ತದೆಂದು ಲೆಕ್ಕ ಹಾಕಿರಬೇಕು ಅಂತ ಎರಡು ದಿನ ಅನ್ನ ಸೇರಲಿಲ್ಲ. ತೆವಳಿಕೊಂಡು ಮತ್ತೆ ಟೀಚರಮ್ಮನ ಗಾಡಿಗೇ ಬಂದೆ.

ಏನೇ ಇಲಿಮರಿ, ನನ್ನ ಗಾಡಿ ಕೆಳಗೆ ಬಿಲ ತೋಡ್ತಿದ್ದೀಯಾ — ಟೀಚರಮ್ಮ ಬಂದರು, ಶಿಳ್ಳೆ ಇಲ್ಲದಿದ್ದರೂ ದನಿಯೇ ಶಿಳ್ಳೆ, ಅರವತ್ತೆರಡಾದರೂ ಮೈದಾನದಲ್ಲಿ ಇನ್ನೂ ಸಾಲು ನಿಲ್ಲಿಸುತ್ತಿರುವ ಹಾಗೆ ನಡೆಯುತ್ತಾರೆ. ನಿಮ್ಮಪ್ಪ ಎಲ್ಲಿ, ಇವತ್ತು ಕೈ ಹೇಗ್— ಅಂದು ನಿಂತರು, ಕೈಲಿದ್ದ ಕೆಲ್ಸ ಮುಗೀತಾ ಅಂತ ಬದಲಾಯಿಸಿದರು. ಬದಲಾಯಿಸಿದ್ದು ನನಗೆ ಕೇಳಿಸಿತು. ಇವರೂ. ಎಲ್ಲರೂ ಒಂದಾಗಿದ್ದಾರೆ, ಹೊರಗಿರುವವಳು ನಾನೊಬ್ಬಳೇ. ಚೀಟಿ ಅಂಟಿಸಿದ್ದು ನೋಡಿದ್ಯಾ, ಇಲ್ಲೂ ಒಂದು ಅಂಟಿಸಿದ್ದೀನಿ, ಡಾಕ್ಟರು ಐನೂರು ಮಾಡಿಸಿದ್ದಾರೆ, ಖಾಲಿ ಮಾಡೋರ್ಯಾರು, ನನ್ನ ಹೆಲ್ಮೆಟ್ ಒಳಗೂ ಒಂದಿದೆ, ನಿಂತ್ಕೊಂಡ್ರೆ ನಿನ್ನ ಹಣೆಗೂ ಒಂದು. ನಟ್ಟಿನ ಪಕ್ಕದಲ್ಲೇ ಅಂಟಿಸಿದ್ದಾರೆ, ಸವಾರಿಯ ಹೆಸರಿನ ನೀಲಿ ಚೀಟಿ, ಕನ್ನಡಿಯಲ್ಲಿ ಆಗಿನಿಂದ ಕಾಣುತ್ತಲೇ ಇದೆ, ನಾನು ಓದಿರಲಿಲ್ಲ, ಅಕ್ಷರ ಕಂಡರೆ ನನ್ನ ಕಣ್ಣು ಪಕ್ಕಕ್ಕೆ ಹೋಗಿಬಿಡುತ್ತದೆ, ಶಾಲೆಯಲ್ಲಿ ಎದ್ದು ನಿಂತು ಓದು ಅಂದಾಗಲೆಲ್ಲ ಅಕ್ಷರಗಳು ಒಂದರ ಮೇಲೊಂದು ಹತ್ತಿಕೊಳ್ಳುತ್ತಿದ್ದವು, ಹಿಂದಿನ ಬೆಂಚಿನವರು ನಗುತ್ತಿದ್ದರು, ಕೊನೆಗೊಂದು ದಿನ ಚೀಲ ತಂದು ವರ್ಕ್‌ಶಾಪಿನ ಮೊಳೆಗೆ ನೇತುಹಾಕಿದೆ, ಅಪ್ಪ ಬಯ್ಯಲಿಲ್ಲ, ಬ್ರಷ್ ಕೈಗೆ ಕೊಟ್ಟು, ಇಲ್ಲಿಂದ ಇಲ್ಲಿಗೆ ಎಳಿ ಅಂದ, ಎಳೆದೆ, ನೋಡಿದ, ನಿನ್ನ ಗೆರೆ ಎಷ್ಟು ನೇರ ಇದೆ ಅಂದ, ಯಾರಾದರೂ ನನಗೆ ಹಾಗಂದದ್ದು ಅದೇ ಮೊದಲು. ಕೊಡಿಲ್ಲಿ, ನಾನೂ ನೋಡ್ತೀನಿ ಅಂತ ಟೀಚರಮ್ಮ ಮಂಡಿಯೂರಿ ನನ್ನ ಕೈಯಿಂದ ಕನ್ನಡಿ ತೆಗೆದುಕೊಂಡು ಒಂದು ಕಣ್ಣು ಮುಚ್ಚಿದರು, ಅಯ್ಯ, ಇದೇನೇ, ನಡೆಯಲಿ ಮಕ್ಕಳು ಅನ್ನೋದು ಉಲ್ಟಾ ಬರೆದ ಹಾಗಿದೆ, ಕೊನೆಯಿಂದ ಓದ್ಬೇಕು. ನನಗೆ ಮಾತ್ರ ಹಾಗೆ ಕಾಣುವುದೆಂದುಕೊಂಡಿದ್ದೆ ಅಂದೆ, ಬಾಯಿಂದ ಬಂದೇಬಿಟ್ಟಿತು. ಕನ್ನಡಿ ಅಲ್ವೇನೇ ಹುಚ್ಚಿ, ಎಡ ಬಲ ಆಗ್ತದೆ, ಬಲ ಎಡ ಆಗ್ತದೆ, ಮೂವತ್ತು ವರ್ಷ ಮಕ್ಕಳ ಎದುರು ನಿಂತು ಬಲಗೈ ಎತ್ರೋ ಅಂತ ಹೇಳ್ತಾ ಎಡಗೈ ಎತ್ತಿದೋಳು ನಾನು, ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಗ್ಲೌಸ್ ಹುಡುಕಿಕೊಂಡು ಎದ್ದು ಹೋದರು.

ಎಡ ಬಲ ಆಗುತ್ತದೆ. ಎಡ ಬಲ ಆಗುತ್ತದೆ. ಹಾಗಾದರೆ ನಟ್ಟಿನ ಕೆಂಪು ಸರಿದಿರುವುದು ಬಲಕ್ಕೆ. ನಾನು ಚೌಕದ ಸಂದಿಯಲ್ಲಿ ಬೆರಳು ತೂರಿಸಿದೆ, ಕಣ್ಣು ಬೇಡ, ಬೆರಳು ಸಾಕು, ಉಗುರುಬಣ್ಣಕ್ಕೆ ಉಬ್ಬು ಇರುತ್ತದೆ, ಸವರಿದರೆ ಸಿಗುತ್ತದೆ, ಇಲ್ಲಿ ಅಚ್ಚಿನ ಗೆರೆ, ಇಲ್ಲಿ ನಟ್ಟಿನದು, ಬಲಕ್ಕೆ, ಹೌದು, ಬಲಕ್ಕೆ, ಬಿಗಿಯ ಕಡೆಗೆ. ಯಾರೂ ಸಡಿಲ ಮಾಡಿಲ್ಲ. ಬಿಗಿ ಮಾಡಿದ್ದಾರೆ. ಅಪ್ಪ ಬಿಗಿದು ಎಳಿ ಅಂದ ಮೇಲೆ, ನಾನು ಎಳೆದ ಮೇಲೆ, ಭಾವ ಬಂದು ಕೂತು ಟಕ್ ಅನ್ನುವ ತನಕ ತಿರುಗಿಸಿದ್ದಾನೆ, ಅಕ್ಕಿಕಾಳಿನಷ್ಟು ತಿರುಗಿದೆ, ಅಂದರೆ ಅಷ್ಟು ಬಿಗಿ ಕಡಿಮೆ ಇತ್ತು, ಮೂರರಲ್ಲೂ ಕಡಿಮೆ ಇತ್ತು. ಅಪ್ಪ ಬಿಗಿದದ್ದರಲ್ಲಿ. ಇಲ್ಲ, ಅಪ್ಪನ ಕೈಯೇ ಅಳತೆ, ಎಲ್ಲೆಲ್ಲಿಂದಲೋ ಗಾಡಿ ತರುತ್ತಾರೆ ಆ ಕೈಗಾಗಿ — ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯಲು ಶುರುಮಾಡಿದ್ದು ಯಾವಾಗ, ಚಳಿಯಿಂದ ಅಂದುಕೊಂಡಿದ್ದೆ, ಚಳಿ ಹೋಗಿ ಎಷ್ಟು ದಿನವಾಯಿತು, ಕನ್ನಡಕ ಸಿಕ್ತಿಲ್ಲ ಈ ಗುಂಡಿ ಹಾಕು ಅನ್ನುತ್ತಿದ್ದ, ಕನ್ನಡಕ ಮೂಗಿನ ಮೇಲೇ ಇರುತ್ತಿತ್ತು, ವಾಷರ್ ಕೈಯಿಂದ ಜಾರಿ ನೆಲಕ್ಕೆ ಬಿದ್ದು ಟಿಣ್ ಅಂದ ಮೇಲೆ ಕೈ ನೋಡಿಕೊಳ್ಳುತ್ತಿದ್ದ, ಮತ್ತೆ ಆ ದಿನ, ಈಗ ತಾನೇ ಓಡಿಸಿ ನಿಲ್ಲಿಸಿದ ಗಾಡಿಯ ಸೈಲೆನ್ಸರಿನ ಮೇಲೆ ಅಂಗೈ ಊರಿಕೊಂಡು ಗಿರಾಕಿಯ ಹತ್ತಿರ ಮಾತಾಡುತ್ತಲೇ ಇದ್ದ, ವಾಸನೆ ಬಂತು, ನಾನು ಕೂಗಲಿಲ್ಲ, ನನಗೆ ಕೂಗಲು ಬರುವುದಿಲ್ಲ, ಡಬ್ಬ ಬೀಳಿಸಿದೆ, ಆಗ ತಿರುಗಿ ನೋಡಿ ಕೈ ಎತ್ತಿದ, ಏನೂ ಆಗಿಲ್ಲ ಅಂದ. ಇದು, ಊಹೂಂ, ಇದು, ಊಹೂಂ. ಎಲ್ಲವನ್ನೂ ನೋಡಿದ್ದೇನೆ, ಒಂದನ್ನೂ ಬಿಟ್ಟಿಲ್ಲ, ನೋಡಿ ನೋಡಿ ಭಾವನ ಮೇಲೆ ಅನುಮಾನಪಟ್ಟೆ, ಡಾಕ್ಟರ ಮೇಲೆ ಪಟ್ಟೆ, ಬಟ್ಟೆ ಅಂಗಡಿಯ ಹುಡುಗನ ಮೇಲೂ ಪಟ್ಟೆ, ಆ ಕೈ ಮೇಲೆ ಮಾತ್ರ ಪಡಲಿಲ್ಲ. ಅವನು ಎಳಿ ಅಂದ, ನಾನು ಎಳೆದೆ, ಒಮ್ಮೆಯೂ ನಟ್ಟನ್ನು ಕೇಳಲಿಲ್ಲ. ಅವರೆಲ್ಲರಿಗೂ ಗೊತ್ತು, ಮರ್ಯಾದೆ ಹೋಗದಿರಲೆಂದು ಸುಮ್ಮನಿದ್ದಾರೆ, ಅವನ ಹಿಂದೆ ಹಿಂದೆ ಕದ್ದು ಬಿಗಿಯುತ್ತಿದ್ದಾರೆ, ಒಬ್ಬರಾದರೂ ನನಗೆ ಹೇಳಬಾರದಿತ್ತೇ, ಇಲಿಮರಿಗೆ ಏನು ಹೇಳುವುದು ಅಂದುಕೊಂಡರೇ, ಒರೆಸಿ ಹೊಸದು ಎಳೆದುಬಿಡು. ಆಗಲಿ, ಮುರಿದ ಗೆರೆಯ ಗಾಡಿ ಮೂರೂ ಕ್ಷೇಮ, ಮುರಿದದ್ದೇ ಕ್ಷೇಮ.

ಮೂರು. ನಾಲ್ಕನೆಯದು ಅಪ್ಪನದು. ಅದು ಒಳಕೋಣೆಯಲ್ಲಿರುತ್ತದೆ, ಬೀಗದ ಕೈ ಅವನ ಜೇಬಿನಲ್ಲಿ, ಭಾವ ಅಲ್ಲಿಗೆ ಹೋಗಲಾರ, ಯಾರೂ ಹೋಗಲಾರರು — ಒಳಕೋಣೆಯ ಕದ ಕಿರ್ ಅಂದಿತು. ಅಪ್ಪ ಗಾಡಿ ತಳ್ಳಿಕೊಂಡು ಬಿಸಿಲಿಗೆ ಬಂದ, ಹ್ಯಾಂಡಲನ್ನು ಎಡಗೈ ಹಿಡಿದಿದೆ, ಬಲಗೈ ಸುಮ್ಮನೆ ಕೂತಿದೆ, ಈಗ ಅದು ಬಿಟ್ಟು ಇನ್ನೇನೂ ಕಾಣುತ್ತಿಲ್ಲ. ಬಂಕಿಗೆ ಹೋಗಿ ಟ್ಯಾಂಕ್ ತುಂಬಿಸ್ಕೊಂಡು ಬರ್ತೀನಿ, ಹಾಗೇ ಇಳಿಜಾರಲ್ಲಿ ಒಂದ್ಸಲ ಬಿಟ್ಟು ನೋಡ್ತೀನಿ, ಅಂದ. ಮಾವ, ನಾನ್ ತುಂಬಿಸ್ಕೊಂಡು ಬರ್ಲಾ, ಅಂದ ಭಾವ ನಲ್ಲಿಯ ಹತ್ತಿರದಿಂದ. ಯಾಕೆ, ದಾರಿ ಮರೆತುಹೋಗಿದೆ ಅಂದ್ಕೊಂಡ್ಯಾ. ಇಳಿಜಾರಿನ ಕೊನೆಗೆ ತಿರುವಿದೆ, ತಿರುವಿಗೆ ಲಾರಿಗಳು ಬರುತ್ತವೆ. ಅವನ ಗಾಡಿಗೆ ಬ್ಯಾಗಿನ ಚೌಕವಿಲ್ಲ, ಸಂಸಾರ ಹೊತ್ಕೊಂಡು ಹೋಗೋಕೆ ನಾನೇನ್ ಮದುವೆ ದಿಬ್ಬಣನಾ ಅಂತ ಬೇಡವೆಂದಿದ್ದ, ನಟ್ ಬಯಲಿಗೇ ಇದೆ, ಕನ್ನಡಿ ಬೇಕಿಲ್ಲ, ಇಲ್ಲಿಂದಲೇ ಕಾಣುತ್ತದೆ, ಬಿಸಿಲಿಗೆ ಹೊಳೆಯುತ್ತಿದೆ, ಅಚ್ಚಿನಿಂದ ನಟ್ಟಿಗೆ, ನಟ್ಟಿನಿಂದ ಚೌಕಟ್ಟಿಗೆ, ಒಂದೇ ಎಳೆತದ ಕೆಂಪು, ಎಲ್ಲೂ ಒಡೆದಿಲ್ಲ, ನೇರ, ನನ್ನ ಕೈಯಿಂದ ಬಿದ್ದ ಗೆರೆಗಳಲ್ಲೇ ನೇರವಾದದ್ದು. ಅಪ್ಪ ಕಿಕ್ ಹೊಡೆದ. ಒಂದೇ ಏಟಿಗೆ ಹತ್ತಿಕೊಂಡಿತು, ಟೀಚರಮ್ಮ ಗ್ಲೌಸಿನ ಹೊಲಿಗೆ ನೋಡುತ್ತಿದ್ದಾರೆ, ನೋಡುವಂಥದ್ದು ಅದರಲ್ಲೇನೂ ಇಲ್ಲ, ಹೊಲಿದವಳು ನಾನು. ಭಾವ ನನ್ನನ್ನೇ ನೋಡುತ್ತಿದ್ದಾನೆ, ತಲೆ ಅಲ್ಲಾಡಿಸುತ್ತಿದ್ದಾನೆ, ಬೇಡ, ಸ್ವಲ್ಪ ತಡಿ, ಬಂಕಿನಿಂದ ಬರಲಿ, ಹೇಗಾದರೂ ಮಾಡಿ ಆಮೇಲೆ, ಅನ್ನುತ್ತಿದೆ ತಲೆ. ಆಮೇಲೆ ಅನ್ನುವುದು ಇಳಿಜಾರಿನ ಆಚೆ ಇದೆ. ನನ್ನ ಕೈಯಲ್ಲಿ ಇಪ್ಪತ್ತನಾಲ್ಕರ ಸ್ಪ್ಯಾನರ್ ಇದೆ, ಯಾವಾಗ ತೆಗೆದುಕೊಂಡೆನೋ, ಕಾಲು ನಡೆದುಬಿಟ್ಟಿದೆ, ಹಿಂದಿನ ಚಕ್ರದ ಪಕ್ಕ ಮಂಡಿಯೂರಿದ್ದೇನೆ, ಬಿಸಿ ಹೊಗೆ ಮುಖಕ್ಕೆ ಬಡಿಯುತ್ತಿದೆ. ಏನೇ ಅದು, ಗೆರೆ ನೇರ ಇದೆಯಲ್ಲ, ಅಂದ ಅಪ್ಪ ಮೇಲಿನಿಂದ. ಇದೆ. ನೇರ ಇದೆ. ಮತ್ತೆ. ಮತ್ತೇನಿಲ್ಲ ಅಪ್ಪ, ಅಂದೆ, ಎಂಜಿನ್ ಸದ್ದಿನಲ್ಲಿ ಕೇಳಿಸಿತೋ ಇಲ್ಲವೋ, ಸ್ಪ್ಯಾನರ್ ಕೂರಿಸಿದೆ, ತಿರುಗದಿರಲಿ, ಕಲ್ಲಿನ ಹಾಗೆ ನಿಲ್ಲಲಿ, ನಾನು ಮೂರ್ಖಳಾಗಲಿ, ಎಲ್ಲರೂ ನಗಲಿ, ಎದ್ದು ನಿಂತು ಓದಿದಾಗ ನಕ್ಕ ಹಾಗೆ, ಮುಖ ಮುಚ್ಚಿಕೊಂಡು ಒಳಗೆ ಓಡುತ್ತೇನೆ, ತಿರುಗದಿರಲಿ — ಒತ್ತಿದೆ. ಉಪ್ಪಿನಕಾಯಿ ಭರಣಿಯ ಮುಚ್ಚಳದಷ್ಟೂ ಹಟ ಮಾಡಲಿಲ್ಲ. ಬಂತು, ಇನ್ನೂ ಬಂತು, ಬರುತ್ತಲೇ ಇತ್ತು, ಕಾಲು ಸುತ್ತು ಬಂದ ಮೇಲೆ ಕಬ್ಬಿಣ ಕಬ್ಬಿಣವನ್ನು ಹಿಡಿಯಿತು.

ಎಂಜಿನ್ ನಿಂತಿತು. ಭಾವ ನಲ್ಲಿ ನಿಲ್ಲಿಸಿದ್ದಾನೆ, ನೀರಿನ ಸದ್ದೂ ಇಲ್ಲ. ಅಪ್ಪ ಇಳಿದ, ಸ್ಟ್ಯಾಂಡ್ ಹಾಕಿದ, ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತ, ಮಂಡಿ ಚಟಕ್ ಅಂದಿತು, ಮೈಯಿಂದ ಪೆಟ್ರೋಲಿನ ವಾಸನೆ, ಸೋಪಿನ ವಾಸನೆ, ಬಯ್ಯುತ್ತಾನೆ, ಈಗ ಬಯ್ಯುತ್ತಾನೆ, ಬಯ್ಯಲಿ. ಬಯ್ಯಲಿಲ್ಲ. ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡ. ನೋಡಲು ಕೂತವನು ಕನ್ನಡಕ ಯಾಕೆ ತೆಗೆದ. ಬಲಗೈ ಚಾಚಿ ಹೆಬ್ಬೆರಳನ್ನು ನಟ್ಟಿನ ಮೇಲಿಟ್ಟ, ಆ ಹೆಬ್ಬೆರಳು ಮೊದಲೆಲ್ಲ ಕೂದಲೆಳೆಯಷ್ಟು ಬಿರುಕನ್ನೂ ಸವರಿ ಹೇಳುತ್ತಿತ್ತು, ಅಚ್ಚಿನ ಕೆಂಪಿನಿಂದ ಸವರಿದ, ಬರಿಯ ಕಬ್ಬಿಣದ ಮೇಲೆ ಸವರಿದ, ನಟ್ಟಿನ ಕೆಂಪು ಈಗ ಇರುವಲ್ಲಿಗೆ ಬಂದ, ದಾಟಿ ಹೋದ, ವಾಪಸ್ ಬಂದ. ಎಷ್ಟು ತಿರುಗ್ತು, ಅಂದ. ಮೆಲ್ಲಗೆ, ನನ್ನ ದನಿಯಷ್ಟೇ ಮೆಲ್ಲಗೆ. ನಾನು ಹೇಳಬೇಕು, ಹೇಳುತ್ತೇನೆ, ಕಾಲು ಸುತ್ತು ಅಪ್ಪ, ಎರಡೇ ಮಾತು, ನಾಲಿಗೆ ಏಳುತ್ತಿಲ್ಲ, ಅವನ ಹೆಬ್ಬೆರಳು ಮತ್ತೆ ಹೊರಟಿದೆ, ಅರ್ಧ ಗೆರೆ ಇಲ್ಲಿ, ಅರ್ಧ ಗೆರೆ ಅಲ್ಲಿ, ಎರಡರ ಮೇಲೂ ಹಾಯುತ್ತಿದೆ, ಎಲ್ಲೂ ನಿಲ್ಲುತ್ತಿಲ್ಲ, ಎಷ್ಟು ತಿರುಗ್ತು ಹೇಳೇ, ಅರ್ಧ ಗೆರೆ ಇಲ್ಲಿ, ಅರ್ಧ ಗೆರೆ ಅಲ್ಲಿ, ನಡುವೆ ಅಪ್ಪನ ಹೆಬ್ಬೆರಳು